ಎಮಿಷನ್ ನೋಡಲು ಥರ್ಮಲ್ ಕ್ಯಾಮೆರಾ ಬೇಕಾ? ಗ್ಯಾರೇಜಿನವರಿಗೆ, ಗಾಡಿ ಮಾಲೀಕರಿಗೆ ಒಂದು ಹೋಲಿಕೆ

ಕಳೆದ ಜುಲೈನಲ್ಲಿ ಅಕ್ಕನ ಮಗ ಪುಣೆಯಿಂದ ಬಂದಿದ್ದ. ಅವನ ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು ಥರ್ಮಲ್ ಕ್ಯಾಮೆರಾ ಇತ್ತು. ಫೋನಿಗೆ ಸಿಕ್ಕಿಸಿದರೆ ಸಾಕು, ಬಿಸಿ ಇರುವ ಜಾಗ ಹಳದಿ, ಕೆಂಪು ಆಗಿ ಕಾಣುತ್ತದೆ. ತಣ್ಣಗಿರುವ ಜಾಗ ನೀಲಿ. ಬೆಳಗಾವಿಯ ಉದ್ಯಮಬಾಗ್‌ನಲ್ಲಿರುವ ನಮ್ಮ ಗ್ಯಾರೇಜಿನ ಮುಂದೆ ಅವತ್ತು ಒಂದು ಶಾಲೆ ವ್ಯಾನು ನಿಂತಿತ್ತು. ಬಿಎಸ್-4 ಪೆಟ್ರೋಲ್ ಗಾಡಿ, ಎಮಿಷನ್ ಟೆಸ್ಟಿನಲ್ಲಿ ಫೇಲಾಗಿ ಬಂದದ್ದು. (ಬಿಎಸ್ ಅಂದರೆ ಭಾರತ್ ಸ್ಟೇಜ್, ಹೊಗೆಯ ಮಿತಿಗೆ ಸರ್ಕಾರ ಇಟ್ಟ ದರ್ಜೆ. ಅಂಕಿ ದೊಡ್ಡದಾದಷ್ಟೂ ನಿಯಮ ಹೊಸದು, ಬಿಗಿ.) ಹುಡುಗ ಸೀದಾ ಸೈಲೆನ್ಸರಿಗೆ ಕ್ಯಾಮೆರಾ ಹಿಡಿದ.

"ಮಾಮಾ, ಇಲ್ಲಿ ನೋಡ್ರಿ, ಹೊಗಿ ಎಷ್ಟ ಕೆಂಪಗ ಕಾಣಾಕತ್ತೈತಿ! ಇನ್ನ ಆ ಎಮಿಷನ್ ಮಷೀನ್ ಯಾಕ ಬೇಕ್ರಿ?"

"ಅದು ಹೊಗಿ ಅಲ್ಲಪಾ, ಪೈಪಿನ ಬಿಸಿ," ಅಂದೆ.

ಆಮೇಲೆ ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕಾರು ಜನ ಕೇಳಿದರು. ಕಬ್ಬಿನ ಲಾರಿ ಇಟ್ಟುಕೊಂಡವರು ಕೇಳಿದರು. ಪಕ್ಕದ ಗ್ಯಾರೇಜಿನವರು ಕೇಳಿದರು. ಪ್ರಾಜೆಕ್ಟ್ ಮಾಡುವ ಇಂಜಿನಿಯರಿಂಗ್ ಹುಡುಗರೂ ಬಂದು ಕೇಳಿದರು. ಕ್ಯಾಮೆರಾ ಒಳ್ಳೆಯ ಸಾಮಾನು, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಯಾವ ಕೆಲಸಕ್ಕೆ ಅಂತ ಗೊತ್ತಿಲ್ಲದೆ ತೆಗೆದುಕೊಂಡರೆ ದುಡ್ಡೂ ಹೋಗುತ್ತದೆ, ಗಾಡಿ ರೋಗವೂ ಹಾಗೇ ಉಳಿಯುತ್ತದೆ. ಅದಕ್ಕೇ ನನಗೆ ಗೊತ್ತಿರುವಷ್ಟನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಕ್ಯಾಮೆರಾ ನೋಡುವುದು ಏನನ್ನು?

ಬಿಸಿಯಾದ ಪ್ರತಿ ವಸ್ತುವೂ ಕಣ್ಣಿಗೆ ಕಾಣದ ಒಂದು ಬೆಳಕನ್ನು ಬಿಡುತ್ತದೆ. ಅದೇ ಇನ್‌ಫ್ರಾರೆಡ್. 1800ರಲ್ಲಿ ವಿಲಿಯಂ ಹರ್ಷೆಲ್ ಇದನ್ನು ಕಂಡುಹಿಡಿದದ್ದು ಬರೀ ಥರ್ಮಾಮೀಟರ್ ಇಟ್ಟುಕೊಂಡು. ಬಿಸಿಲನ್ನು ಗಾಜಿನ ಪಟ್ಟಕದಿಂದ ಬಣ್ಣಬಣ್ಣವಾಗಿ ಒಡೆದ. ಕೆಂಪು ಬಣ್ಣದ ಆಚೆ, ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟ. ಅಲ್ಲೂ ಅದು ಏರಿತು.

ನಮ್ಮ ಕೈಗೆ ಸಿಗುವ ಥರ್ಮಲ್ ಕ್ಯಾಮೆರಾಗಳು ಈ ಬೆಳಕಿನ ಒಂದು ಪಟ್ಟಿಯನ್ನು ಮಾತ್ರ ಹಿಡಿಯುತ್ತವೆ. 8ರಿಂದ 14 ಮೈಕ್ರಾನ್ ಅಲೆಯುದ್ದದ್ದು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಅದೇ ಪಟ್ಟಿ ಯಾಕೆ ಅಂದರೆ, ಅಲ್ಲಿ ಗಾಳಿ ಅಡ್ಡ ಬರುವುದಿಲ್ಲ. ದೂರದ ಗೋಡೆ, ಮೋಟರು, ವೈರು ಎಲ್ಲ ಸ್ವಚ್ಛವಾಗಿ ಕಾಣುತ್ತವೆ.

ತೊಂದರೆ ಇರುವುದೂ ಅಲ್ಲೇ. ಸೈಲೆನ್ಸರಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್ ತನ್ನ ಗುರುತು ತೋರಿಸುವುದು 4.6 ಮೈಕ್ರಾನಿನ ಹತ್ತಿರ. ಕಾರ್ಬನ್ ಡೈಆಕ್ಸೈಡ್ 4.26ರ ಹತ್ತಿರ. ಸುಡದೆ ಉಳಿದ ಪೆಟ್ರೋಲಿನ ಹೈಡ್ರೋಕಾರ್ಬನ್ 3.3, 3.4ರಲ್ಲಿ. ನೈಟ್ರಿಕ್ ಆಕ್ಸೈಡ್ 5.3ರಲ್ಲಿ. ಎಲ್ಲವೂ 8ಕ್ಕಿಂತ ಕೆಳಗೆ ಇವೆ, ಅಲ್ವಾ? ಅಂದರೆ ಆ ಕ್ಯಾಮೆರಾದ ಪಾಲಿಗೆ ಹೊಗೆಯ ಅನಿಲಗಳು ಇಲ್ಲವೇ ಇಲ್ಲ. ಅದು ಅವುಗಳ ಮೂಲಕ ಹಾಯ್ದು ಹಿಂದಿನ ಗೋಡೆಯನ್ನು ನೋಡುತ್ತದೆ. ರೇಡಿಯೋದಲ್ಲಿ ಧಾರವಾಡ ಸ್ಟೇಷನ್ ಹಚ್ಚಿಟ್ಟು ಮುಂಬೈ ಸ್ಟೇಷನ್ನಿನ ಹಾಡು ಕೇಳಿಸಲಿ ಅಂತ ಕಾದ ಹಾಗೆ. ಹುಡುಗ ಪರದೆಯಲ್ಲಿ ಕಂಡದ್ದು ಪೈಪಿನ ತುದಿಯ ಬಿಸಿ ಮತ್ತು ಆ ಬಿಸಿ ತಾಗಿದ ಬಂಪರು, ಅಷ್ಟೇ.

ಎಮಿಷನ್ ಕೇಂದ್ರದ ಗ್ಯಾಸ್ ಅನಲೈಸರ್ ಕೆಲಸ ಮಾಡುವುದೂ ಇನ್‌ಫ್ರಾರೆಡ್‌ನಿಂದಲೇ. ಸೈಲೆನ್ಸರಿನಿಂದ ಹೊಗೆಯನ್ನು ಎಳೆದು ಒಂದು ಕೊಳವೆಯಲ್ಲಿ ತುಂಬಿಸುತ್ತದೆ. ಕೊಳವೆಯ ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಸರಿಯಾದ ಅಲೆಯುದ್ದ ಮಾತ್ರ ಬಿಡುವ ಫಿಲ್ಟರ್. 4.6 ಮೈಕ್ರಾನಿನ ಬೆಳಕು ಎಷ್ಟು ಕಡಿಮೆಯಾಯಿತೋ ಅದರಿಂದ ಕಾರ್ಬನ್ ಮೊನಾಕ್ಸೈಡ್ ಲೆಕ್ಕ ಹಾಕುತ್ತದೆ. ಸರಿಯಾದ ಸ್ಟೇಷನ್ ಹಚ್ಚಿದ ರೇಡಿಯೋ ಅದು.

ಅನಿಲವನ್ನೇ ತೋರಿಸುವ ಕ್ಯಾಮೆರಾಗಳೂ ಇವೆ. ತೈಲ ಶುದ್ಧೀಕರಣ ಘಟಕಗಳಲ್ಲಿ ಸೋರಿಕೆ ಹುಡುಕಲು ಬಳಸುತ್ತಾರೆ. ಅವುಗಳ ಸೆನ್ಸರನ್ನು ತುಂಬಾ ತಣ್ಣಗೆ ಇಡಬೇಕು, ಬೆಲೆ ಹತ್ತಾರು ಲಕ್ಷ. ಅವು ಕೂಡ ಅನಿಲ ಎಲ್ಲಿದೆ ಅಂತ ಚೆನ್ನಾಗಿ ತೋರಿಸುತ್ತವೆ. ಎಷ್ಟಿದೆ ಅಂತ ಹೇಳುವುದು ಅವಕ್ಕೂ ಕಷ್ಟ. ಗ್ಯಾರೇಜಿನ ಮಾತಿನಲ್ಲಿ ಅವನ್ನು ಬಿಟ್ಟುಬಿಡೋಣ.

ಎರಡು ವ್ಯಾನು, ಒಂದೇ ಚಿತ್ರ

ಮಾತಿನಲ್ಲಿ ಹೇಳಿದರೆ ಹುಡುಗ ನಂಬಲಿಲ್ಲ. ಅದೇ ಶಾಲೆಯ ಇನ್ನೊಂದು ವ್ಯಾನು ಆಯಿಲ್ ಬದಲಿಸಲು ಬಂದಿತ್ತು. ಅದೇ ಮಾಡೆಲ್, ಅದೇ ವರ್ಷದ್ದು. ಎರಡನ್ನೂ ಇಪ್ಪತ್ತು ನಿಮಿಷ ಓಡಿಸಿ ತಂದು ಪಕ್ಕಪಕ್ಕ ನಿಲ್ಲಿಸಿದೆವು. ಎರಡೂ ಸೈಲೆನ್ಸರಿನ ಚಿತ್ರ ಹೆಚ್ಚುಕಡಿಮೆ ಒಂದೇ ಥರ ಬಂತು. ಯಾವುದು ಫೇಲಾದ ಗಾಡಿ ಅಂತ ಚಿತ್ರ ನೋಡಿ ಹೇಳಲು ಆಗಲಿಲ್ಲ.

ಆಮೇಲೆ ಎರಡನ್ನೂ ಎಮಿಷನ್ ಕೇಂದ್ರಕ್ಕೆ ಕಳಿಸಿದೆ. ಒಳ್ಳೆಯ ಗಾಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 0.1 ಬಂತು. ಫೇಲಾದದ್ದರಲ್ಲಿ ಶೇ. 1.2. ಬಿಎಸ್-4 ಪೆಟ್ರೋಲ್ ನಾಲ್ಕು ಗಾಲಿ ಗಾಡಿಗೆ ಮಿತಿ ಇರುವುದು ಶೇ. 0.3. ಹನ್ನೆರಡು ಪಟ್ಟು ವ್ಯತ್ಯಾಸ, ಆದರೂ ಸೈಲೆನ್ಸರಿನ ಬಿಸಿಯಲ್ಲಿ ಅದರ ಸುಳಿವೇ ಇಲ್ಲ. ಈ ಒಂದು ಪರೀಕ್ಷೆ ಆದಮೇಲೆ ಹುಡುಗ ಸುಮ್ಮನಾದ.

ಹಾಗಂತ ಕ್ಯಾಮೆರಾ ಬೇಡ ಅಂತಲ್ಲ. ಅದನ್ನು ಹಿಡಿಯಬೇಕಾದ ಜಾಗ ಬೇರೆ. ಆ ವ್ಯಾನಿನ ಕಥೆಗೆ ಕೊನೆಯಲ್ಲಿ ಬರುತ್ತೇನೆ.

ಗ್ಯಾಸ್ ಅನಲೈಸರ್ ಮತ್ತು ಸ್ಮೋಕ್ ಮೀಟರ್: ಅಂಕಿ ಕೊಡುವವು

ಹೊಗೆಯಲ್ಲಿ ಏನು ಎಷ್ಟಿದೆ ಅಂತ ಹೇಳುವುದು ಇವೇ. ಕಾನೂನು ಒಪ್ಪುವುದೂ ಇವನ್ನೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಲ್ಲಿ ಮಿತಿಗಳಿವೆ. ಬಿಎಸ್-4, ಬಿಎಸ್-6 ಗಾಡಿಗಳಿಗೆ ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳು. ಮಿತಿ ಮೀರಿದ ಗಾಡಿಗೆ 2019ರ ತಿದ್ದುಪಡಿಯ ನಂತರ 10,000 ರೂಪಾಯಿವರೆಗೆ ದಂಡ ಬೀಳಬಹುದು. ಥರ್ಮಲ್ ಚಿತ್ರ ಎಷ್ಟೇ ಚಂದ ಇದ್ದರೂ ಪೊಲೀಸರ ಮುಂದೆ ಅದಕ್ಕೆ ಬೆಲೆಯಿಲ್ಲ.

ಪೆಟ್ರೋಲ್, ಸಿಎನ್‌ಜಿ ಗಾಡಿಗೆ ಗ್ಯಾಸ್ ಅನಲೈಸರ್. ಹಳೆಯ ಮಷೀನುಗಳು ಎರಡೇ ಅನಿಲ ಅಳೆಯುತ್ತವೆ. ಗ್ಯಾರೇಜಿಗೆ ತೆಗೆದುಕೊಳ್ಳುವುದಾದರೆ ನಾಲ್ಕು ಅನಿಲದ್ದನ್ನೇ ತೆಗೆದುಕೊಳ್ಳಿ. ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಜೊತೆಗೆ ಕಾರ್ಬನ್ ಡೈಆಕ್ಸೈಡ್ ಮತ್ತು ಆಕ್ಸಿಜನ್ ಕೂಡ ಸಿಕ್ಕರೆ ರೋಗದ ಅರ್ಧ ಗುರುತು ಅಲ್ಲೇ ಸಿಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಜಾಸ್ತಿ, ಆಕ್ಸಿಜನ್ ಕಡಿಮೆ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಹೈಡ್ರೋಕಾರ್ಬನ್ ಜಾಸ್ತಿ, ಆಕ್ಸಿಜನ್ನೂ ಜಾಸ್ತಿ ಇದ್ದರೆ ಎಲ್ಲೋ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಎಲ್ಲ ಸೇರಿಸಿ ಲ್ಯಾಂಬ್ಡಾ ಅನ್ನುವ ಒಂದು ಅಂಕಿ ಬರುತ್ತದೆ. ಅದು 1ರ ಹತ್ತಿರ, 0.97ರಿಂದ 1.03ರ ಒಳಗೆ ಇದ್ದರೆ ಗಾಳಿ ಪೆಟ್ರೋಲಿನ ಪಾಕ ಸರಿಯಿದೆ.

ಈ ಮಷೀನಿಗೆ ಆರೈಕೆ ಬೇಕು. ಅಳತೆ ಸರಿಯಿದೆಯಾ ಅಂತ ಗೊತ್ತಿರುವ ಅನಿಲದ ಸಿಲಿಂಡರ್ ಹಚ್ಚಿ ಆಗಾಗ ನೋಡಬೇಕು. ಆಕ್ಸಿಜನ್ ಸೆಲ್ ಸವೆಯುತ್ತದೆ, ಬದಲಿಸಬೇಕು. ಮಳೆಗಾಲದಲ್ಲಿ ಪೈಪಿನೊಳಗೆ ನೀರು ಸೇರಿದರೆ ಅಂಕಿಗಳು ಹಾದಿ ತಪ್ಪುತ್ತವೆ.

ಡೀಸೆಲ್ ಗಾಡಿಗೆ ಸ್ಮೋಕ್ ಮೀಟರ್. ಹೊಗೆಯ ಅಡ್ಡಕ್ಕೆ ಬೆಳಕು ಬಿಟ್ಟು ಎಷ್ಟು ತಡೆಯಿತು ಅಂತ ನೋಡುವುದು. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಪೂರ್ತಿ ರೇಸ್ ಕೊಡಬೇಕು. ಇಂಜಿನ್ ಆಯಿಲ್ 60 ಡಿಗ್ರಿಯಾದರೂ ಬಿಸಿಯಾಗಿರಬೇಕು. ಹೊಗೆ ಬೆಳಕನ್ನು ತಡೆಯುವ ಲೆಕ್ಕದಲ್ಲಿ ಬಿಎಸ್-4ಕ್ಕಿಂತ ಹಳೆಯ ಗಾಡಿಗೆ ಮಿತಿ ಪ್ರತಿ ಮೀಟರಿಗೆ 2.45, ಬಿಎಸ್-4ಕ್ಕೆ 1.62. ತಣ್ಣಗಿನ ಇಂಜಿನ್ನಿನಲ್ಲಿ ಪರೀಕ್ಷೆ ಮಾಡಿಸಿ ಫೇಲಾದೆ ಅಂತ ಬರುವ ಲಾರಿಯವರು ಎಷ್ಟೋ ಜನ. ಸ್ವಲ್ಪ ದೂರ ಓಡಿಸಿಕೊಂಡು ಹೋಗಿ ಅಂತ ನಾನು ಮೊದಲು ಹೇಳುವುದೇ ಅದನ್ನು.

ಬಿಎಸ್-6 ಡೀಸೆಲ್‌ಗೆ ಮಾತ್ರ ಸ್ಮೋಕ್ ಮೀಟರ್ ಸಾಕಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅವುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಅದು ಒಳಗೆ ಸೀಳಿದರೂ ಉಳಿದ ಹೊಗೆ ಎಷ್ಟು ತೆಳ್ಳಗಿರುತ್ತದೆ ಅಂದರೆ ಮೀಟರ್ ಸೊನ್ನೆಯ ಹತ್ತಿರವೇ ತೋರಿಸಬಹುದು. ಯೂರೋಪಿನಲ್ಲಿ ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ಜರ್ಮನಿ ಅದಕ್ಕೇ ಹೊಗೆಯ ಕಣಗಳನ್ನು ಎಣಿಸುವ ಮಷೀನು ತಂದಿವೆ. ನಮ್ಮಲ್ಲೂ ಅದು ಬೇಗ ಬರಬೇಕು.

ಕ್ಯಾಮೆರಾ ನಿಜವಾಗಿ ಗೆಲ್ಲುವ ಜಾಗ

ಗ್ಯಾಸ್ ಅನಲೈಸರ್ "ಹೊಗೆ ಕೆಟ್ಟಿದೆ" ಅಂತ ಹೇಳಿ ನಿಲ್ಲುತ್ತದೆ. ಯಾಕೆ ಅಂತ ಹುಡುಕುವುದು ಮಿಸ್ತ್ರಿಯ ಕೆಲಸ. ಅಲ್ಲಿ ಥರ್ಮಲ್ ಕ್ಯಾಮೆರಾಕ್ಕೆ ಸಾಟಿಯಿಲ್ಲ.

ಒಂದು ಕಬ್ಬಿನ ಲಾರಿಯ ಉದಾಹರಣೆ ಕೊಡುತ್ತೇನೆ. ಆರು ಸಿಲಿಂಡರಿನದ್ದು. ಕಾರ್ಖಾನೆ ಸೀಸನ್ನು ನಡೆದಿತ್ತು, ಒಂದು ದಿನ ನಿಂತರೂ ಮಾಲೀಕರಿಗೆ ನಷ್ಟ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ಹಸಿ ಡೀಸೆಲ್ ವಾಸನೆ, ಇಂಜಿನ್ನಿಗೆ ಸಣ್ಣ ನಡುಕ. ಹಳೆಯ ಪದ್ಧತಿಯಲ್ಲಾದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಒಂದೊಂದೇ ನಾಜಲಿನ ಪೈಪ್ ಸಡಿಲಿಸಿ, ಇಂಜಿನ್ ಸದ್ದು ಬದಲಾಗುತ್ತದಾ ಅಂತ ಕೇಳಬೇಕು. ಅವತ್ತು ರಾತ್ರಿಯಿಡೀ ಲಾರಿ ತಣ್ಣಗೆ ನಿಲ್ಲಿಸಿದ್ದೆವು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಮೆನಿಫೋಲ್ಡಿಗೆ, ಅಂದರೆ ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದೇ ಪೈಪಿಗೆ ಸೇರಿಸುವ ಕವಲುಗಳಿಗೆ, ಕ್ಯಾಮೆರಾ ಹಿಡಿದೆ. ಒಂದೇ ನಿಮಿಷದಲ್ಲಿ ಐದು ಕವಲುಗಳು ಹಳದಿಯಾದವು. ನಾಲ್ಕನೆಯದು ನೀಲಿಯಾಗೇ ಉಳಿಯಿತು. ಆ ಒಂದು ನಾಜಲ್ ಮಾತ್ರ ಬಿಚ್ಚಿದೆವು, ಅದೇ ಕೆಟ್ಟಿತ್ತು. ಮಧ್ಯಾಹ್ನ ಲಾರಿ ಹೊಲಕ್ಕೆ ಹೋಯಿತು.

ಇಲ್ಲಿ ಒಂದು ಗುಟ್ಟಿದೆ. ಇದನ್ನು ತಣ್ಣಗಿನ ಇಂಜಿನ್ನಿನಲ್ಲೇ ಮಾಡಬೇಕು. ಹತ್ತು ನಿಮಿಷ ಓಡಿದ ಮೇಲೆ ಪಕ್ಕದ ಕವಲುಗಳ ಬಿಸಿ ಹರಿದು ಬಂದು ಎಲ್ಲವೂ ಒಂದೇ ಬಣ್ಣಕ್ಕೆ ಬರುತ್ತವೆ. ಆಮೇಲೆ ಎಷ್ಟು ನೋಡಿದರೂ ಏನೂ ತಿಳಿಯುವುದಿಲ್ಲ.

ಇನ್ನೊಂದು, ಮೆನಿಫೋಲ್ಡ್ ಗ್ಯಾಸ್ಕೆಟ್ ಸೋರಿಕೆ. ಹೊಗೆಯಲ್ಲಿನ ಆಕ್ಸಿಜನ್ ನೋಡಿ ಗಾಡಿಯ ಕಂಪ್ಯೂಟರಿಗೆ ಹೇಳುವ ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಸಣ್ಣ ಬಿರುಕಿದ್ದರೆ ಅಲ್ಲಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಆಕ್ಸಿಜನ್ ಜಾಸ್ತಿ ಇದೆ ಅಂತ ಸೆನ್ಸರ್ ತಪ್ಪು ತಿಳಿಯುತ್ತದೆ. ಗಾಡಿಯ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಎಮಿಷನ್ ಫೇಲಾಗುತ್ತದೆ, ಸೆನ್ಸರ್ ಬದಲಿಸಿದರೂ ಪ್ರಯೋಜನ ಆಗುವುದಿಲ್ಲ. ಅಂಥ ಬಿರುಕಿನ ಸುತ್ತ ಬಿಸಿಯ ಒಂದು ಗೆರೆ ಕ್ಯಾಮೆರಾದಲ್ಲಿ ಕಾಣುತ್ತದೆ. ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್ನಿಗೇ ಕಳಿಸುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ಅದರ ಪೈಪು ಬಿಸಿ ಇರಬಾರದ ಹೊತ್ತಿನಲ್ಲೂ ಬಿಸಿ ಇರುತ್ತದೆ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ ತಣ್ಣಗಿನ ಪಟ್ಟೆಗಳು ಕಾಣುತ್ತವೆ. ಬ್ರೇಕ್ ಹಿಡಿದುಕೊಂಡಿದ್ದರೆ ಒಂದು ಗಾಲಿ ಮಾತ್ರ ಕೆಂಪಗೆ ಹೊಳೆಯುತ್ತದೆ. ಬ್ರೇಕಿಗೂ ಹೊಗೆಗೂ ಏನು ಸಂಬಂಧ ಅನ್ನಬೇಡಿ. ಹಿಡಿದ ಬ್ರೇಕ್ ಎಳೆದುಕೊಂಡು ಓಡುವ ಗಾಡಿ ಅಷ್ಟು ಜಾಸ್ತಿ ಡೀಸೆಲ್ ಸುಡುತ್ತದೆ.

ಕ್ಯಾಟಲಿಟಿಕ್ ಕನ್ವರ್ಟರ್: ಇಲ್ಲಿ ಹುಷಾರು

ಥರ್ಮಲ್ ಕ್ಯಾಮೆರಾ ತೆಗೆದುಕೊಳ್ಳುವವರಲ್ಲಿ ಹೆಚ್ಚಿನವರು ಇದಕ್ಕಾಗಿಯೇ ತೆಗೆದುಕೊಳ್ಳುತ್ತಾರೆ. ಹೆಚ್ಚು ತಪ್ಪು ಆಗುವುದೂ ಇಲ್ಲೇ.

ಕನ್ವರ್ಟರ್ ಅಂದರೆ ಇಂಜಿನ್ನಿನಿಂದ ಬರುವ ಹೊಗೆಯನ್ನು ಸ್ವಚ್ಛ ಮಾಡುವ ಡಬ್ಬಿ. ಅದರೊಳಗೆ ಜೇನುಗೂಡಿನಂಥ ಪಿಂಗಾಣಿ ಇರುತ್ತದೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಸುಮಾರು 250, 300 ಡಿಗ್ರಿ ಬಿಸಿಯಾದ ಮೇಲೆ ಮಾತ್ರ ಅದು ಕೆಲಸ ಶುರು ಮಾಡುತ್ತದೆ. ಒಳಗೆ ಕೆಟ್ಟ ಅನಿಲ ಸುಟ್ಟಾಗ ಬಿಸಿ ಹುಟ್ಟುತ್ತದೆ. ಹಾಗಾಗಿ ಒಳಹೋಗುವ ತುದಿಗಿಂತ ಹೊರಬರುವ ತುದಿ ಬಿಸಿ ಇದ್ದರೆ ಕನ್ವರ್ಟರ್ ಚೆನ್ನಾಗಿದೆ ಅಂತ ಒಂದು ಹಳೆಯ ಲೆಕ್ಕ ಇದೆ. ವಿಡಿಯೋಗಳಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ.

ಕಾರ್ಬುರೇಟರ್ ಕಾಲದ ಗಾಡಿಗೆ ಅದು ನಡೆಯುತ್ತಿತ್ತು. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಇಂಜಿನ್ನಿನಿಂದ ಬರುವ ಹೊಗೆಯೇ ಸಾಕಷ್ಟು ಸ್ವಚ್ಛ. ಸುಡಲು ಒಳಗೆ ಹೆಚ್ಚು ಏನೂ ಇರುವುದಿಲ್ಲ. ಗಾಡಿ ನಿಂತಲ್ಲೇ ಓಡುತ್ತಿದ್ದರೆ ಒಳ್ಳೆಯ ಕನ್ವರ್ಟರಿನಲ್ಲೂ ಎರಡು ತುದಿಗೆ ವ್ಯತ್ಯಾಸ ಕಾಣದೇ ಇರಬಹುದು. ಅಷ್ಟಕ್ಕೇ ಕನ್ವರ್ಟರ್ ಸತ್ತಿದೆ ಅಂತ ಹೇಳಿ ಮಾಲೀಕರಿಂದ ಹತ್ತಾರು ಸಾವಿರ ಖರ್ಚು ಮಾಡಿಸಬೇಡಿ. ನಾನು ಒಬ್ಬ ಟ್ಯಾಕ್ಸಿಯವರಿಗೆ ಹಾಗೆ ಹೇಳಿದ್ದೆ. ಹೊಸ ಕನ್ವರ್ಟರ್ ಹಾಕಿದರೂ ಅಂಕಿ ಇಳಿಯಲಿಲ್ಲ. ಕೊನೆಗೆ ಸಿಕ್ಕದ್ದು ಸೋರುವ ಇಂಜೆಕ್ಟರ್. ಆ ದುಡ್ಡಿನ ನೆನಪು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಎರಡು ವಿಷಯ ಮಾತ್ರ ಕ್ಯಾಮೆರಾ ಇಲ್ಲಿ ಖಚಿತವಾಗಿ ಹೇಳುತ್ತದೆ. ಮುಂದಿನ ತುದಿ ತುಂಬಾ ಬಿಸಿ, ಹಿಂದಿನದು ತೀರಾ ತಣ್ಣಗೆ, ಜೊತೆಗೆ ಗಾಡಿಗೆ ಪಿಕಪ್ ಇಲ್ಲ ಅಂದರೆ ಒಳಗೆ ಕಟ್ಟಿಕೊಂಡಿದೆ. ಇಡೀ ಕನ್ವರ್ಟರ್ ವಿಪರೀತ ಬಿಸಿಯಾಗಿದ್ದರೆ ಸುಡದ ಪೆಟ್ರೋಲ್ ಅದರೊಳಗೆ ಹೋಗಿ ಉರಿಯುತ್ತಿದೆ, ಪ್ಲಗ್ ಅಥವಾ ಕಾಯಿಲ್ ನೋಡಿ. ಇದಕ್ಕೆ ಕ್ಯಾಮೆರಾ ಕೂಡ ಬೇಕಿಲ್ಲ. ಕಬ್ಬಿಣ ಕತ್ತಲಲ್ಲಿ ಮಂದ ಕೆಂಪಾಗಿ ಕಂಡರೆ 500 ಡಿಗ್ರಿ ದಾಟಿದೆ ಅಂತ ಅರ್ಥ. ನಮ್ಮ ಉದ್ಯಮಬಾಗ್‌ನ ಫೌಂಡ್ರಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೇಳಿಕೊಡಬೇಕಾದ್ದಲ್ಲ.

ಹೊಳಪಿನ ವಿಷಯವನ್ನೂ ಮರೆಯಬಾರದು. ಥಳಥಳ ಹೊಳೆಯುವ ಸ್ಟೀಲ್ ತನ್ನ ಬಿಸಿಯನ್ನು ಸರಿಯಾಗಿ ತೋರಿಸುವುದಿಲ್ಲ. ಕನ್ನಡಿಯ ಹಾಗೆ ಸುತ್ತಲಿನದನ್ನು ತೋರಿಸುತ್ತದೆ. 300 ಡಿಗ್ರಿ ಇರುವ ಹೊಳಪಿನ ಪೈಪು ಪರದೆಯಲ್ಲಿ ನೂರಕ್ಕಿಂತ ಸ್ವಲ್ಪ ಜಾಸ್ತಿ ಅಂತ ಕಾಣಬಹುದು. ತುಕ್ಕು ಹಿಡಿದ ಪೈಪು ನಿಜ ಹೇಳುತ್ತದೆ. ಹೊಸ ಪೈಪಿಗೆ ಬಿಸಿ ತಡೆಯುವ ಕಪ್ಪು ಪೇಂಟ್ ಎರಡು ಬೊಟ್ಟು ಹಚ್ಚಿ, ಒಣಗಿಸಿ, ಅಲ್ಲೇ ಓದಿ. ಕಪ್ಪು ಇನ್ಸುಲೇಷನ್ ಟೇಪ್ ಹಚ್ಚಬೇಡಿ. ಅದು ಸೈಲೆನ್ಸರಿನ ಬಿಸಿಗೆ ಕರಗಿ ಹೋಗುತ್ತದೆ. ಮೇಲೆ ತಗಡಿನ ಹೀಟ್ ಶೀಲ್ಡ್ ಇದ್ದರೆ ಕ್ಯಾಮೆರಾ ಆ ತಗಡನ್ನು ನೋಡುತ್ತದೆ, ಕನ್ವರ್ಟರನ್ನಲ್ಲ.

ಟೆಂಪರೇಚರ್ ಗನ್ ಸಾಲುವುದಿಲ್ಲವಾ?

ಬಹಳ ಗ್ಯಾರೇಜುಗಳಿಗೆ ಸಾಲುತ್ತದೆ. ಒಂದೆರಡು ಸಾವಿರಕ್ಕೆ ಸಿಗುತ್ತದೆ. ಅಳೆಯುವ ರೀತಿಯೂ ಅದೇ, ಚಿತ್ರದ ಬದಲು ಒಂದು ಅಂಕಿ ಕೊಡುತ್ತದೆ ಅಷ್ಟೇ. ಸಾಮಾನ್ಯ ಗನ್ನಿನ ಮೇಲೆ 12:1 ಅಂತ ಬರೆದಿರುತ್ತದೆ. 12 ಅಡಿ ದೂರದಿಂದ ಹಿಡಿದರೆ 1 ಅಡಿ ಅಗಲದ ಜಾಗದ ಸರಾಸರಿ ಬರುತ್ತದೆ ಅಂತ ಅದರ ಅರ್ಥ. ಲೇಸರ್ ಚುಕ್ಕೆ ಸಣ್ಣದು ಅಂತ ಮೋಸ ಹೋಗಬಾರದು. ಮೆನಿಫೋಲ್ಡಿನ ಒಂದೇ ಕವಲು ಓದಬೇಕಾದರೆ ಒಂದು ಅಡಿ ಹತ್ತಿರಕ್ಕೆ ಹೋಗಬೇಕು. ಕೈ, ತೋಳು ಫ್ಯಾನ್ ಬೆಲ್ಟಿನಿಂದ ದೂರ ಇರಲಿ.

ಕ್ಯಾಮೆರಾದ ಲಾಭ ಅಂದರೆ ಎಲ್ಲಿ ನೋಡಬೇಕು ಅಂತ ಮೊದಲೇ ಗೊತ್ತಿರಬೇಕಿಲ್ಲ. ತೆಗೆದುಕೊಳ್ಳುವುದಾದರೆ ಮೂರು ವಿಷಯ ಕೇಳಿ. ಎಷ್ಟು ಡಿಗ್ರಿ ತನಕ ಓದುತ್ತದೆ? ಅಗ್ಗದವು ಕೆಲವು 150ಕ್ಕೇ ನಿಲ್ಲುತ್ತವೆ, ಅವು ಮನೆಯ ಗೋಡೆ, ವೈರಿಂಗ್ ನೋಡಲು ಮಾಡಿದವು. ಇಂಜಿನ್ನಿಗೆ ಕನಿಷ್ಠ 400 ಬೇಕು, 550 ಇದ್ದರೆ ಒಳ್ಳೆಯದು. ಎಷ್ಟು ಚುಕ್ಕೆಗಳ ಚಿತ್ರ? 160 ಅಡ್ಡ, 120 ಉದ್ದ ಇದ್ದರೆ ಗ್ಯಾರೇಜಿಗೆ ಸಾಕು. ಹೊಳಪಿನ ಲೆಕ್ಕ, ಅಂದರೆ ಎಮಿಸಿವಿಟಿ, ಬದಲಿಸಲು ಬರುತ್ತದಾ? ಬರದಿದ್ದರೆ ಬಿಟ್ಟುಬಿಡಿ. ಸೆಕೆಂಡಿಗೆ 9 ಚಿತ್ರ ಮಾತ್ರ ತೆಗೆಯುತ್ತದೆ ಅಂತ ಬರೆದಿದ್ದರೆ ಚಿಂತೆ ಬೇಡ. ನಿಂತ ಗಾಡಿಗೆ ಅಷ್ಟು ಸಾಕು.

ಸ್ಕ್ಯಾನರನ್ನು ಮರೆಯಬೇಡಿ

ನನ್ನನ್ನು ಕೇಳಿದರೆ 2013ರ ನಂತರದ ಪೆಟ್ರೋಲ್ ಕಾರಿಗೆ ಮೊದಲು ಕೈಗೆ ಎತ್ತಿಕೊಳ್ಳಬೇಕಾದದ್ದು ಒಬಿಡಿ ಸ್ಕ್ಯಾನರ್, ಅಂದರೆ ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸಿ ಅದು ಬರೆದಿಟ್ಟ ತಪ್ಪಿನ ಕೋಡ್ ಓದುವ ಸಾಮಾನು. ಗಾಡಿಯ ಕಂಪ್ಯೂಟರ್ ತಾನೇ ತನ್ನ ಹೊಗೆಯ ಮೇಲೆ ಕಣ್ಣಿಟ್ಟಿರುತ್ತದೆ. ಪಿ0420 ಬಂದರೆ ಕನ್ವರ್ಟರ್ ಬಲ ಕಡಿಮೆ ಆಗಿದೆ ಅಂತ ಅನುಮಾನ. ಪಿ0301 ಬಂದರೆ ಒಂದನೇ ಸಿಲಿಂಡರ್ ಮಿಸ್. ಕೋಡ್ ಬರದಿದ್ದರೂ ಓಡುವಾಗಿನ ಅಂಕಿಗಳನ್ನು ನೋಡಬಹುದು. ಇಂಜಿನ್ನಿನ ಬಿಸಿ ಎಷ್ಟು, ಪೆಟ್ರೋಲ್ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಲ್ಲ ಗೊತ್ತಾಗುತ್ತದೆ. ಕಾರಿನ ಚಿಕ್ಕ ಸ್ಕ್ಯಾನರ್ ಲಾರಿಗೆ ಹಚ್ಚಬೇಡಿ. ಅಲ್ಲಿ 24 ವೋಲ್ಟ್, ಮಾತಾಡುವ ಭಾಷೆಯೂ ಬೇರೆ.

ರಸ್ತೆ ಬದಿಯಲ್ಲಿ ನಿಂತು ಅಳೆಯುವುದು

ಗಾಡಿ ನಿಲ್ಲಿಸದೆ ಹೊಗೆ ಅಳೆಯುವ ವ್ಯವಸ್ಥೆಯೂ ಇದೆ. ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಸ್ಟೆಡ್‌ಮನ್ 1980ರ ದಶಕದ ಕೊನೆಯಲ್ಲಿ ಇದನ್ನು ಕಟ್ಟಿದರು. ರಸ್ತೆಯ ಅಡ್ಡಕ್ಕೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಗಾಡಿ ದಾಟಿದ ಕೂಡಲೇ ಅದರ ಹೊಗೆ ಆ ಬೆಳಕನ್ನು ಎಷ್ಟು ನುಂಗಿತು ಅಂತ ಒಂದು ಸೆಕೆಂಡಿನೊಳಗೆ ಲೆಕ್ಕ ಹಾಕುತ್ತದೆ. ಸ್ವಚ್ಛ ಸಾರಿಗೆಯ ಅಧ್ಯಯನ ಮಾಡುವ ಐಸಿಸಿಟಿ ಸಂಸ್ಥೆ ದೆಹಲಿ ಮತ್ತು ಗುರುಗ್ರಾಮದಲ್ಲಿ ಹೀಗೆ ಒಂದು ಲಕ್ಷಕ್ಕೂ ಹೆಚ್ಚು ಗಾಡಿಗಳ ಅಳತೆ ಮಾಡಿ 2024ರಲ್ಲಿ ವರದಿ ಕೊಟ್ಟಿತು. ಸ್ವಚ್ಛ ಅಂತ ನಂಬಿದ್ದ ಸಿಎನ್‌ಜಿ ಬಾಡಿಗೆ ಗಾಡಿಗಳೂ ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡ್ ಜಾಸ್ತಿ ಬಿಡುತ್ತಿವೆ ಅಂತ ಅದರಲ್ಲಿ ಬಂತು.

ಇಂಥ ಕಡೆ ಥರ್ಮಲ್ ಕ್ಯಾಮೆರಾ ಸಹಾಯಕ್ಕೆ ನಿಲ್ಲುತ್ತದೆ. ಆಗಷ್ಟೇ ಮನೆಯಿಂದ ಹೊರಟ ಗಾಡಿಯ ಕನ್ವರ್ಟರ್ ತಣ್ಣಗಿರುತ್ತದೆ, ಹೊಗೆ ಕೆಟ್ಟದಾಗೇ ಇರುತ್ತದೆ. ಅದು ರೋಗವಲ್ಲ. ಯಾವುದು ತಣ್ಣಗಿನ ಗಾಡಿ, ಯಾವುದು ಬಿಸಿಯಾದರೂ ಕೆಟ್ಟ ಹೊಗೆ ಬಿಡುವ ಗಾಡಿ ಅಂತ ಬೇರೆ ಮಾಡಲು ಆ ಚಿತ್ರ ಬೇಕು. ನಮ್ಮಲ್ಲಿ ಹೆದ್ದಾರಿ 48ರ ವಂಟಮುರಿ ಘಾಟಿನ ಏರಿನಂಥ ಜಾಗ ಇಂಥ ಅಳತೆಗೆ ಒಳ್ಳೆಯದು. ಇಂಜಿನ್ ಮೇಲೆ ಭಾರ ಬಿದ್ದಾಗಲೇ ಹೊಗೆಯ ನಿಜ ಹೊರಬರುವುದು. ನಿಂತಲ್ಲಿ ಮಾಡುವ ಪರೀಕ್ಷೆಗೆ ಅದು ಸಿಗುವುದಿಲ್ಲ.

ಯಾರು ಏನು ತೆಗೆದುಕೊಳ್ಳಬೇಕು?

ಬೈಕ್, ಸ್ವಂತ ಕಾರು ಇರುವವರು ಏನೂ ಕೊಳ್ಳಬೇಕಿಲ್ಲ. ವರ್ಷಕ್ಕೊಮ್ಮೆ ಎಮಿಷನ್ ಕೇಂದ್ರಕ್ಕೆ ಹೋದಾಗ ಸರ್ಟಿಫಿಕೇಟ್ ಮಡಚಿ ಇಟ್ಟುಬಿಡಬೇಡಿ, ಅಂಕಿ ನೋಡಿ. ಹೋದ ವರ್ಷ ಶೇ. 0.05 ಇದ್ದದ್ದು ಈ ವರ್ಷ 0.25 ಆಗಿದ್ದರೆ ಪಾಸಾಗಿದ್ದರೂ ಏನೋ ಶುರುವಾಗಿದೆ.

ಚಿಕ್ಕ ಗ್ಯಾರೇಜಿಗೆ ಸ್ಕ್ಯಾನರ್ ಮತ್ತು ಟೆಂಪರೇಚರ್ ಗನ್ ಮೊದಲು. ಹತ್ತಿರದ ಎಮಿಷನ್ ಕೇಂದ್ರದವರ ಜೊತೆ ಪರಿಚಯ ಇಟ್ಟುಕೊಳ್ಳಿ, ರಿಪೇರಿಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಅಳತೆ ತೆಗೆಸಿ. ದುಡ್ಡು ಸೇರಿದ ಮೇಲೆ ನಾಲ್ಕು ಅನಿಲದ ಅನಲೈಸರ್. ಕ್ಯಾಮೆರಾ ಅದರ ನಂತರ.

ಐದಾರು ಲಾರಿ, ಬಸ್ಸು ಇಟ್ಟುಕೊಂಡವರಿಗೆ ಮಾತ್ರ ನಾನು ಕ್ಯಾಮೆರಾ ಮೊದಲೇ ತೆಗೆದುಕೊಳ್ಳಿ ಅನ್ನುತ್ತೇನೆ. 20 ಸಾವಿರದಿಂದ ಮೇಲಕ್ಕೆ ಬೆಲೆ ಇದೆ. ನಾಜಲ್, ಬ್ರೇಕ್, ರೇಡಿಯೇಟರ್, ಬೇರಿಂಗ್, ಬ್ಯಾಟರಿ ವೈರು ಎಲ್ಲದಕ್ಕೂ ಬರುತ್ತದೆ. ಒಂದು ಸೀಸನ್ನಿನಲ್ಲಿ ದಾರಿ ಮಧ್ಯೆ ನಿಲ್ಲುವ ಒಂದೆರಡು ಸಲ ತಪ್ಪಿದರೂ ದುಡ್ಡು ವಾಪಸ್ ಬಂದಂತೆ.

ಕಾಲೇಜು ಹುಡುಗರಿಗೆ ಒಂದು ಮಾತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ನಮ್ಮ ಊರಲ್ಲೇ ಇದೆ. ಪ್ರತಿ ವರ್ಷ ಯಾರಾದರೂ "ಥರ್ಮಲ್ ಚಿತ್ರದಿಂದ ಎಮಿಷನ್ ಕಂಡುಹಿಡಿಯುವ" ಪ್ರಾಜೆಕ್ಟ್ ಹಿಡಿದು ಬರುತ್ತಾರೆ. ಬರೀ ಚಿತ್ರ ತೆಗೆದು ಕಂಪ್ಯೂಟರಿಗೆ ಕಲಿಸಿದರೆ ಅದು ಪೈಪಿನ ಹೊಳಪನ್ನೋ, ಗಾಡಿ ಎಷ್ಟು ಹೊತ್ತು ಓಡಿತು ಅನ್ನುವುದನ್ನೋ ಕಲಿಯುತ್ತದೆ. ಪ್ರತಿ ಚಿತ್ರದ ಜೊತೆ ಅದೇ ನಿಮಿಷದ ಗ್ಯಾಸ್ ಅನಲೈಸರ್ ಅಂಕಿ ಇಟ್ಟುಕೊಳ್ಳಿ. ತಣ್ಣಗಿನ ಸ್ಟಾರ್ಟಿನಿಂದ ಹತ್ತು ನಿಮಿಷದ ತನಕ ಪ್ರತಿ ಅರ್ಧ ನಿಮಿಷಕ್ಕೊಂದು ಚಿತ್ರ, ಒಂದು ಅಂಕಿ. ಕನ್ವರ್ಟರ್ ಬಿಸಿಯಾಗುತ್ತಿದ್ದ ಹಾಗೆ ಹೊಗೆ ಹೇಗೆ ಇಳಿಯುತ್ತದೆ ಅನ್ನುವ ಗೆರೆ ಸಿಗುತ್ತದೆ. ಅದು ಒಳ್ಳೆಯ ಪ್ರಾಜೆಕ್ಟ್. ಬೇಕಾದರೆ ಗಾಡಿ ನಾನು ಕೊಡುತ್ತೇನೆ.

ಆ ವ್ಯಾನಿನ ಕಥೆ

ಶೇ. 1.2 ಬಂದ ವ್ಯಾನಿಗೆ ಸ್ಕ್ಯಾನರ್ ಹಚ್ಚಿದೆ. ಕೋಡ್ ಏನೂ ಇಲ್ಲ. ಓಡುವಾಗಿನ ಅಂಕಿ ನೋಡಿದರೆ ಇಂಜಿನ್ ನೀರಿನ ಬಿಸಿ 45 ಡಿಗ್ರಿ ದಾಟುತ್ತಲೇ ಇಲ್ಲ. ಇರಬೇಕಾದದ್ದು 80ರ ಮೇಲೆ. ಹೊರಗೆ ನಮ್ಮ ಬೆಳಗಾವಿಯ ಜುಲೈ ಮಳೆ, ತಂಪು ಗಾಳಿ. ಇಂಜಿನ್ ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರ್ ದಿನವಿಡೀ ಪೆಟ್ರೋಲ್ ಜಾಸ್ತಿ ಬಿಡುತ್ತಿತ್ತು.

ಸೆನ್ಸರ್ ಸುಳ್ಳು ಹೇಳುತ್ತಿದೆಯಾ, ಇಂಜಿನ್ ನಿಜವಾಗಿ ತಣ್ಣಗಿದೆಯಾ? ರಾತ್ರಿ ವ್ಯಾನು ನಿಲ್ಲಿಸಿಕೊಂಡೆವು. ಬೆಳಿಗ್ಗೆ ಹುಡುಗನನ್ನು ಕರೆದು ಕ್ಯಾಮೆರಾವನ್ನು ರೇಡಿಯೇಟರಿನ ಮೇಲಿನ ಪೈಪಿಗೆ ಹಿಡಿಯಲು ಹೇಳಿದೆ. ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಸರಿ ಇದ್ದರೆ ಆ ಪೈಪು ಬಹಳ ಹೊತ್ತು ತಣ್ಣಗಿದ್ದು, ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಇಲ್ಲಿ ಸ್ಟಾರ್ಟ್ ಮಾಡಿದ ಎರಡನೇ ನಿಮಿಷದಿಂದಲೇ ನಿಧಾನಕ್ಕೆ ಹಸಿರಾಗತೊಡಗಿತು, ಪೈಪು, ರೇಡಿಯೇಟರು ಎಲ್ಲ ಒಟ್ಟಿಗೆ.

"ಮಾಮಾ, ಇದು ತೆರಕೊಂಡ ಕುಂತೈತ್ರಿ!" ಅಂದ ಹುಡುಗ.

ಥರ್ಮೋಸ್ಟಾಟ್ ಬಿಚ್ಚಿದರೆ ಹಾಗೇ ಇತ್ತು, ಬಾಯಿ ತೆರೆದು ಸಿಕ್ಕಿಕೊಂಡಿತ್ತು. ಕೆಲವು ನೂರು ರೂಪಾಯಿಯ ಸಾಮಾನು. ಹೊಸದು ಹಾಕಿ, ಖಾನಾಪುರ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ, ಎಮಿಷನ್ ಕೇಂದ್ರಕ್ಕೆ ಕಳಿಸಿದೆ. ಶೇ. 0.1 ಬಂತು.